ಪಾದದೊಳಗಿನ ಪ್ಲೇಟು

ಜೈಲಿನ ಗೇಟಿನಲ್ಲಿ ಮಹಿಳಾ ಪೇದೆ ಮೆಟಲ್ ಡಿಟೆಕ್ಟರನ್ನು ಬಲಪಾದದ ಹತ್ತಿರ ತಂದದ್ದೇ ತಡ, ಮುದುಕಿ ಕಾಲು ಹಿಂದಕ್ಕೆಳೆದುಕೊಂಡಳು.

"ಏನಜ್ಜಿ, ಸೀರೆಯೊಳಗೆ ಏನು ಬಚ್ಚಿಟ್ಟಿದ್ದೀಯ?"

ಮುದುಕಿ ಚೀಲದಿಂದ ಎಕ್ಸ್‌ರೇ ತೆಗೆದು ತೋರಿಸಿದಳು. ಪಾದದ ಮುರಿದ ಮೂಳೆಗೆ ಒಂದು ಪ್ಲೇಟು, ಆರು ಸ್ಕ್ರೂ.

"ಅಯ್ಯೋ, ಇದಕ್ಯಾಕೆ ಹೆದರ್ತೀಯ? ಕೂಗಿದ್ರೆ ಕೂಗ್ಲಿ, ಬರ್ಕೊಂಡು ಒಳಗೆ ಬಿಡ್ತೀನಿ."

"ಬೇಡ ಕಣವ್ವ, ಕೈಯಲ್ಲೇ ಮುಟ್ಟಿ ನೋಡ್ಬಿಡು. ಈ ಮಿಷನ್ನು ಕೂಗಿದ್ರೆ ಜಾಲರಿ ಆಚೆ ನಿಂತಿರೋ ನನ್ನ ಮಗನಿಗೆ ಕೇಳ್ಸುತ್ತೆ."

"ಕೇಳ್ಸಿದ್ರೆ ಏನೀಗ?"

ಮುದುಕಿ ಜಾಲರಿಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು.

"ಕಾಲು ಪೂರ್ತಿ ವಾಸಿಯಾಯ್ತು, ಪ್ಲೇಟೂ ತೆಗೆದ್ಬಿಟ್ರು ಅಂತ ಅವನಿಗೆ ಹೇಳಿದ್ದೀನಿ. ಕುಡಿದು ಬಂದು ಈ ಕಾಲು ಮುರಿದೋನು ಅವನೇ ಕಣವ್ವ."