ತಿರುವಿನ ಕಂಬದ ಸೋಡಿಯಂ ದೀಪ

ಅಣ್ಣಮ್ಮ ಕುಡುಗೋಲು ಹಿಡಿದೇ ಪಂಚಾಯಿತಿ ಕಚೇರಿಯ ಮೆಟ್ಟಿಲು ಹತ್ತಿದಳು. ಹೊಲದಿಂದ ನೇರವಾಗಿ ಬಂದಿದ್ದಳು, ಅಷ್ಟೆ. ಆದರೂ ಗುಮಾಸ್ತ ತನ್ನ ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ಎಳೆದುಕೊಂಡ.

“ತಿರುವಿನ ಕಂಬಕ್ಕೆ ಒಸಾ ದೀಪ ಆಕ್ಬ್ಯಾಡಿ ಅಧ್ಯಕ್ಷರೇ. ಮಗ್ಗುಲಲ್ಲೇ ನನ್ ಸೇವಂತಿಗೆ ಅದೆ. ರಾತ್ರಿಯೆಲ್ಲ ಬೆಳಕು ಬಿದ್ರೆ ಗಿಡ ಮೊಗ್ಗು ಕಟ್ಟಾಕಿಲ್ಲ. ಓದ್ವರ್ಸ ಟೂಬ್‌ಲೈಟ್ ಕೆಳಗಿದ್ದ ಎಲ್ಡು ಸಾಲು ಮಿಕ್ಕಿದ್ ಸಾಲ್ಗಳ ಜೊತೆ ಊವೇ ಬುಡ್ಲಿಲ್ಲ.”

ಅದು ೧೯೯೬ರ ಜುಲೈ. ಟ್ಯೂಬ್‌ಲೈಟು ಕಿತ್ತು ಸೋಡಿಯಂ ದೀಪ ಹಾಕುವ ಯೋಜನೆಯಲ್ಲಿ ಊರಿಗೆ ಹನ್ನೆರಡು ದೀಪ ಬಂದಿದ್ದವು. ಕರೆಂಟು ಮಿಗುತ್ತದೆ, ಬೆಳಕು ದೂರ ಬೀಳುತ್ತದೆ ಎಂದು ಸುತ್ತೋಲೆಯಲ್ಲಿತ್ತು. ಯಾವ ಕಂಬಕ್ಕೆ ಎಂಬುದು ಅಧ್ಯಕ್ಷರ ವಿವೇಚನೆಗೆ ಬಿಟ್ಟದ್ದು. ಅಧ್ಯಕ್ಷ ಚಲುವರಾಜುವಿನ ಹತ್ತಿರ ವಿವೇಚನೆ ಧಾರಾಳವಾಗಿತ್ತು.

ಹಿಂದಿನ ಚುನಾವಣೆಯಲ್ಲಿ ಅಣ್ಣಮ್ಮ ಅವನೆದುರು ನಿಂತು ಹನ್ನೊಂದು ಓಟಿನಿಂದ ಸೋತಿದ್ದಳು. ಸೋತವಳು ಮರೆತಳು, ಗೆದ್ದವನು ಮರೆಯಲಿಲ್ಲ. ಅವಳು ಬೀದಿಗೆ ನಲ್ಲಿ ಕೇಳಿದಾಗ ಇದ್ದ ನಲ್ಲಿಯೂ ಇನ್ನೊಂದು ಬೀದಿಗೆ ಹೋಯಿತು. ಚರಂಡಿ ಕೇಳಿದಾಗ ಮನೆ ಮುಂದೆ ಒಂದು ಲೋಡು ಮಣ್ಣು ಬಂದು ಬಿತ್ತು.

ಸಾಲದ್ದಕ್ಕೆ, ಅವಳ ಎಂಟು ಗುಂಟೆ ಹೂವಿನ ಹೊಲದ ಮೇಲೂ ಅವನ ಕಣ್ಣಿತ್ತು. ನಾಗಮಂಗಲದ ಬಸ್ಸು ಓಡಾಡುವ ರಸ್ತೆಗೆ ತಾಗಿದ ಜಾಗ, ಸೈಟು ಮಾಡಿ ಮಾರಬಹುದು. ಗಂಡ ತೀರಿಕೊಂಡ ಮೇಲೆ ಮೈದುನ ತಿಮ್ಮರಾಜು ಜಮೀನು ಮಾರೋಣವೆಂದು ಅವಳ ಜೀವ ಹಿಂಡುತ್ತಿದ್ದ. ಕೊನೆಗೆ ಮನೆಯವರೆಲ್ಲರ ಎದುರು ಮಾತಾಯಿತು: ಈ ವರ್ಷ ಹೂವು ಕೈಹಿಡಿದರೆ ಜಮೀನು ಅಣ್ಣಮ್ಮನದು, ಕೈಕೊಟ್ಟರೆ ಅವಳು ಚಲುವರಾಜುವಿನ ಕಾಗದಕ್ಕೆ ಸಹಿ ಹಾಕಬೇಕು. ಸಂಕ್ರಾಂತಿಯವರೆಗೆ ಗಡುವು ಕೇಳಿದ್ದು ಅಣ್ಣಮ್ಮನೇ. ಹೂವು ದೀಪಾವಳಿಗೇ ಮುಗಿದುಹೋಗುತ್ತದಲ್ಲ ಎಂದು ತಿಮ್ಮರಾಜು ನಗುತ್ತಲೇ ಒಪ್ಪಿದ.

ಈಗ ಚಲುವರಾಜು ಅವಳು ಕೊಟ್ಟ ಅರ್ಜಿಯನ್ನು ಎರಡು ಸಲ ಓದಿದ. ಅವನ ಮುಖ ಅರಳಿತು.

“ಊರಿಗೆ ಬೆಳಕು ಬ್ಯಾಡ್ವಾ ಅಣ್ಣಮ್ಮೋರೆ? ನಿಮ್ಮೊಬ್ರ ಊವಿಗೋಸ್ಕರ ಎಲ್ಲಾರೂ ಕತ್ತಲಲ್ಲಿ ಇರಾಕಾಯ್ತದಾ?”

ಮೊದಲನೆಯ ದೀಪ ಅದೇ ಸಂಜೆ ತಿರುವಿನ ಕಂಬಕ್ಕೆ ಏರಿತು. ಬಂದವುಗಳಲ್ಲೇ ದೊಡ್ಡದು. ಏಣಿ ಹತ್ತಿದ್ದು ಬೀದಿ ದೀಪದ ಕೆಲಸದ ತಮ್ಮಯ್ಯ. ಅವನಿಗೆ ನಾಚಿಕೆಯಾಗುತ್ತಿತ್ತು.

“ಬೇಜಾರ್ ಮಾಡ್ಕಬ್ಯಾಡಿ ಅಣ್ಣಮ್ಮಕ್ಕ. ನಂದು ಏಳಿದ್ ಕೆಲಸ.”

“ನೀನೇನ್ ಮಾಡೀಯೆ ಬುಡ್ಲಾ. ಬಿಗಿಯಾಗಿ ತಿರುಗ್ಸು, ಗಾಳಿಗೆ ಬಿದ್ದೋದಾತು.”

ಇಂಥ ಹೆಂಗಸಿಗೆ ಇಂಥ ಅನ್ಯಾಯವೇ ಎಂದುಕೊಂಡ ತಮ್ಮಯ್ಯ. ಬಿಗಿಯಾಗಿಯೇ ತಿರುಗಿಸಿದ.

ಸೆಪ್ಟೆಂಬರಿನಲ್ಲಿ ಆ ಬಲ್ಬು ಸುಟ್ಟುಹೋಯಿತು. ಬೆಳಗಾಗುವುದೇ ತಡ, ಅಣ್ಣಮ್ಮ ಕಚೇರಿಗೆ ಬಂದು ಕೈಮುಗಿದಳು. “ದೇವ್ರು ಕಣ್ ಬುಟ್ಟ ಅಧ್ಯಕ್ಷರೇ. ಇನ್ನದನ್ನ ಮುಟ್ಟಬ್ಯಾಡಿ, ಅಂಗೇ ಇರ್ಲಿ.” ಮಧ್ಯಾಹ್ನದೊಳಗೆ ಸಂತೆಬೀದಿಯ ಬಲ್ಬು ಬಿಚ್ಚಿ ತಂದು ಅಲ್ಲಿಗೆ ಹಾಕಿದರು. ಸಂತೆಬೀದಿಯ ಜನ ಅಂದಿನಿಂದ ಕತ್ತಲಲ್ಲಿ ಎಡವುತ್ತ ಓಡಾಡಿದರು.

ದಸರೆ ಬಂತು. ಸುತ್ತಲಿನ ಹೊಲಗಳೆಲ್ಲ ಹಳದಿಯಾದವು. ಎಲ್ಲರ ಹೂವೂ ಒಂದೇ ಸಲ ಬಂದು ಕೆ.ಆರ್. ಪೇಟೆಯಲ್ಲಿ ಕೇಳುವವರೇ ಇರಲಿಲ್ಲ, ಕೆಲವರು ಬಸ್‌ಸ್ಟ್ಯಾಂಡಿನ ಹಿಂದೆ ಸುರಿದು ಬಂದರು. ಆದರೂ ಅವರಿಗೆ ಹೂವೆಂಬುದು ಬಂದಿತ್ತು. ಅಣ್ಣಮ್ಮನ ಗಿಡಗಳು ಮಂಡಿಯೆತ್ತರ ಬೆಳೆದು ಹಸಿರಾಗಿ ನಿಂತಿದ್ದವು, ಒಂದೇ ಒಂದು ಮೊಗ್ಗಿಲ್ಲ. ಅವಳು ಮಾತ್ರ ದಿನಾ ಕಳೆ ಕೀಳುತ್ತಿದ್ದಳು, ನೀರು ಕಟ್ಟುತ್ತಿದ್ದಳು, ಕುಡಿ ಚಿವುಟುತ್ತಿದ್ದಳು. ಪಾಪ, ತಲೆ ಕೆಟ್ಟಿದೆ ಎಂದರು ಜನ. ತಮ್ಮಯ್ಯ ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟ.

ನವೆಂಬರಿನ ಮೊದಲ ವಾರ, ದೀಪಾವಳಿಗೆ ಇನ್ನೂ ಎರಡು ಮೂರು ದಿನವಿರುವಾಗ, ಅಣ್ಣಮ್ಮ ಮತ್ತೆ ಮೆಟ್ಟಿಲು ಹತ್ತಿದಳು. ತಲೆ ತಗ್ಗಿಸಿದ್ದಳು.

“ಸೋತೆ ಅಧ್ಯಕ್ಷರೇ. ಅಬ್ಬದ ಊವಂತೂ ಓಯ್ತು. ಆ ದೀಪನಾದ್ರೂ ಇರ್ಲಿ. ಮಗಳು ಪ್ರಮೀಳ ಒಲಿಗೆ ಕ್ಲಾಸು ಮುಗಿಸ್ಕಂಡು ಅದೇ ಬೆಳಕಲ್ಲಿ ಮನೀಗ್ ಬತ್ತಾಳೆ. ಅದೊಂದ್ನ ಕಿತ್ಕಬ್ಯಾಡಿ.”

“ನೋಡಾನ,” ಎಂದ ಚಲುವರಾಜು.

ಹೊತ್ತು ಮುಳುಗುವುದರೊಳಗೆ ತಿರುವಿನ ಕಂಬ ಬೋಳಾಗಿತ್ತು. ಸಂತೆಬೀದಿಗೆ ಬೆಳಕು ಮರಳಿತು, ಜನ ಅಧ್ಯಕ್ಷರಿಗೆ ಹಾರ ಹಾಕಿದರು. ತಿಮ್ಮರಾಜು ಅದೇ ವಾರ ಹೋಗಿ ಛಾಪಾ ಕಾಗದ ಕೊಂಡುತಂದ.

ಸಂಕ್ರಾಂತಿಯ ಹಿಂದಿನ ದಿನ ಚಲುವರಾಜು, ತಿಮ್ಮರಾಜು ಇಬ್ಬರೂ ಕಾಗದ ಹಿಡಿದು ಹೊಲಕ್ಕೆ ಹೋದರು. ತಿರುವಿನಲ್ಲಿ ಒಂದು ವ್ಯಾನು ನಿಂತಿತ್ತು. ಆಚೆಗೆ ಎಂಟು ಗುಂಟೆಯೂ ಹಳದಿ. ಆರು ಮಂದಿ ಹೆಂಗಸರು ಸೊಂಟ ಬಗ್ಗಿಸಿ ಬಿಡಿಸುತ್ತಿದ್ದರು. ಬುಟ್ಟಿ ಹೊರುತ್ತಿದ್ದ ಹೂವಿನ ವ್ಯಾಪಾರಿ ಪೀರ್ ಅಹಮದ್ ಕೂಗಿದ:

“ಅರೆ ಸಾಬ್, ಹೂ ಮೇಲೆ ಕಾಲಿಡ್‌ಬ್ಯಾಡ್ರಿ! ಬೇರೇವ್ರದ್ದೆಲ್ಲ ದೀಪಾವಳಿಗೇ ಖತಂ. ಮೈಸೂರ್ ತನಕ ಸುತ್ತಾಡ್‌ಬಿಟ್ಟೆ, ಸೇವಂತಿಗೆ ಇರೋದು ಇಲ್ಲೊಂದೇ ಕಡೆ. ಅಕ್ಕ ಕೇಳಿದ್ದೇ ರೇಟು.”

ತಿಮ್ಮರಾಜು ಕಾಗದವನ್ನು ಮಡಿಸಿ ಜೇಬಿಗೆ ಇಟ್ಟುಕೊಂಡ. ಚಲುವರಾಜು ಬೋಳು ಕಂಬವನ್ನು ನೋಡಿದ. ದೀಪ ಇಳಿಸಿದ ದಿನದಿಂದ ಬೆರಳು ಮಡಿಸಿ ಎಣಿಸಿದ. ಮೊಗ್ಗು ಕಟ್ಟಿ ಅರಳುವುದಕ್ಕೆ ಬೇಕಾದ ಹತ್ತು ವಾರ ಸರಿಯಾಗಿ ಬಂತು.

“ಆ ದೀಪ ಬ್ಯಾಡ ಅಂತ ಅರ್ಜಿ ಕೊಟ್ಟೋಳು ನೀನೇ ತಾನೆ?” ಎಂದ.

ಅಣ್ಣಮ್ಮ ಹೂವು ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಬೇಕು ಅಂತ ಕೇಳಿದ್ರೆ ನೀವು ಆಕುಸ್ತಿದ್ರಾ, ಅಧ್ಯಕ್ಷರೇ?”