ಕುದುರೆ ಸವಾರನ ನಾಣ್ಯ

ಅಂಗಡಿಯಾತ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡು ನಾಣ್ಯವನ್ನು ದೀಪದ ಕೆಳಗೆ ಹಿಡಿದ. ಎದುರು ಕುರ್ಚಿಯಲ್ಲಿ ಅಪ್ಪ ಊರುಗೋಲಿನ ಮೇಲೆ ಎರಡೂ ಕೈಯಿಟ್ಟು, ಕತ್ತು ಚಾಚಿ ಕೂತಿದ್ದರು. ಅವರ ಪಕ್ಕದಲ್ಲಿದ್ದ ಮಗಳು ಅಂಗಡಿಯಾತನ ತುಟಿಯನ್ನೇ ನೋಡುತ್ತಿದ್ದಳು. ನೋಡದೆ ಇನ್ನೇನು? ಈತ ಏನು ಹೇಳಬೇಕೆಂದು ನಿನ್ನೆಯೇ ಬಂದು ಹೇಳಿಕೊಟ್ಟು ಹೋದವಳು ಅವಳೇ.

ಕುದುರೆ ಸವಾರನ ಚಿತ್ರವಿದ್ದ ಆ ಬೆಳ್ಳಿ ನಾಣ್ಯವನ್ನು ಈ ಅಂಗಡಿಯಲ್ಲೇ ತೋರಿಸಬೇಕೆಂದು ಅಪ್ಪ ಹಠ ಹಿಡಿದು ಅವಳ ತಲೆ ತಿಂದಿದ್ದರು. ಎದೆನೋವೆಂದು ಆಸ್ಪತ್ರೆ ಸೇರಿ, ಈಗಷ್ಟೇ ಮನೆಗೆ ಬಂದ ಜೀವ. ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಜನ್ಮವಿಡೀ ಕೂಡಿಹಾಕಿದ ನಾಣ್ಯಗಳಲ್ಲಿ ಇದೊಂದನ್ನೇ ಬೇರೆ ಡಬ್ಬಿಯಲ್ಲಿಟ್ಟು ಕಾಪಾಡಿದವರಿಗೆ, ಇದು ನಕಲಿ ಅಂದುಬಿಟ್ಟರೆ ಗತಿ? ಹಾಗಾಗಿ ಅವರ ಕಣ್ಣು ತಪ್ಪಿಸಿ ಅದನ್ನು ತಂದು ಮೊದಲೇ ತೋರಿಸಿದ್ದಳು.

ಅಂಗಡಿಯಾತ ಅದರ ಅಂಚು ನೋಡಿದವನೇ ನಕಲಿ ಎಂದು ತಲೆಯಾಡಿಸಿದ್ದ. ಸುತ್ತಲೂ ಕೂದಲೆಳೆಯಂಥ ಗೆರೆ. ಒತ್ತಿ ಮಾಡಿದ ಅಸಲಿ ನಾಣ್ಯಕ್ಕೆ ಅದು ಇರುವುದಿಲ್ಲವಂತೆ. ಎರಕ ಹೊಯ್ದ ನಕಲಿಯಲ್ಲಿ, ಅಚ್ಚಿನ ಎರಡು ಹೋಳು ಕೂಡುವ ಕಡೆ ಹಾಗೆ ಉಳಿದುಬಿಡುತ್ತದಂತೆ. ಅವಳು ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿಕೊಂಡಿದ್ದಳು. ಆತ ಸುಲಭಕ್ಕೆ ಒಪ್ಪಲಿಲ್ಲ. ಈ ಕುರ್ಚಿಯಲ್ಲಿ ಕೂತು ತಾನು ಯಾವತ್ತೂ ನಕಲಿಯನ್ನು ಅಸಲಿ ಅಂದವನಲ್ಲ, ಬೇರೇನಾದರೂ ಕೇಳಿ ಎಂದಿದ್ದ. ಕೊನೆಗೆ ಅವಳ ಕಣ್ಣೀರು ನೋಡಲಾರದೆ ಹೂಂ ಅಂದಿದ್ದ, ಪಾಪ.

ಈಗ ಆತ ನಾಣ್ಯವನ್ನು ತೂಗಿದ, ತಿರುಗಿಸಿದ, ಅಂಚಿನ ಮೇಲೆ ಉಗುರು ಆಡಿಸಿದ. ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾನೋ ಎಂದು ಮಗಳಿಗೆ ದಿಗಿಲಾಯಿತು.

"ಅಸಲೀನೇ, ಯಜಮಾನ್ರೇ," ಎಂದ ಆತ, ತಲೆ ಎತ್ತದೆ. "ಸವೆತಾನೂ ಕಡಿಮೆ. ಒಳ್ಳೆ ಸ್ಥಿತೀಲಿದೆ."

"ಅಂಚು ಸರಿಯಾಗಿ ನೋಡಿದ್ರಾ?" ಅಪ್ಪ ಕೇಳಿದರು.

"ನೋಡ್ದೆ."

ಅಪ್ಪ ನಾಣ್ಯವನ್ನು ಡಬ್ಬಿಗೆ ಹಾಕಿಕೊಂಡು ಎದ್ದರು. ಮಗಳಿಗೆ ಹೋದ ಜೀವ ಬಂದಂತಾಯಿತು. ಆದರೆ ಬೀದಿಗಿಳಿದು ನೋಡಿದರೆ ಅಪ್ಪನ ಮುಖ ಸಪ್ಪಗಿತ್ತು. ಎದೆ ಏನಾದರೂ ಹಿಡಿದುಕೊಂಡಿತೇ ಎಂದು ಅವಳು ಗಾಬರಿಯಿಂದ ಕೇಳಿದಳು.

"ಎದೆಗೇನಾಗಿಲ್ಲ ಕಣೇ ಪುಟ್ಟಿ. ಇದು ನಕಲಿ. ಗೊತ್ತಿದ್ದೇ ಇಟ್ಕೊಂಡಿದೀನಿ. ನಾಣ್ಯ ಬಲ್ಲೆ ಅನ್ನೋರ ಮುಂದೆಲ್ಲ ಮೊದಲು ಇದನ್ನೇ ಇಡೋದು. ನಿಜ ಹೇಳಿದ್ರೆ ಮಾತ್ರ ಮಿಕ್ಕಿದ್ದನ್ನ ತೋರಿಸೋದು."

ಅಪ್ಪ ತಮ್ಮ ಪಾಡಿಗೆ ಹೇಳುತ್ತಲೇ ಹೋದರು. ತಾವು ಕಣ್ಣು ಮುಚ್ಚಿದ ಮೇಲೆ ಆ ನಾಣ್ಯಗಳೆಲ್ಲ ಅವಳಿಗೇ ತಾನೆ? ಅವಳಿಗೋ ಅದರ ಗಂಧಗಾಳಿ ಗೊತ್ತಿಲ್ಲ. ಅವಳಿಗೆ ಟೋಪಿ ಹಾಕದ ಒಬ್ಬನನ್ನು ಹುಡುಕಿಟ್ಟು ಹೋಗಬೇಕೆಂದೇ ಇಷ್ಟೆಲ್ಲ ಒದ್ದಾಟ. ಈತ ಸಾಚಾ ಮನುಷ್ಯ ಎಂದು ಊರೆಲ್ಲ ಹೇಳಿತ್ತು. ಅವನೂ ಹೀಗೇ ಆದನಲ್ಲ.

ಅವಳು ತಿರುಗಿ ನೋಡಿದಳು. ಗಾಜಿನಾಚೆ ಅಂಗಡಿಯಾತ ದೀಪ ಆರಿಸದೆ, ಖಾಲಿ ಮೇಜನ್ನು ನೋಡುತ್ತ ಕೂತಿದ್ದ. ಹೇಳಿಬಿಟ್ಟರೆ ಅಪ್ಪನಿಗೆ ಏನಾಗುತ್ತದೋ. ಹೇಳದಿದ್ದರೆ ಆ ಮನುಷ್ಯನ ಹೆಸರು ಹಾಳು. "ಅಪ್ಪಾ..." ಎಂದಳು.

"ಹೋಗ್ಲಿ ಬಿಡು," ಎಂದು ಅಪ್ಪ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ಹೆಜ್ಜೆಯಿಟ್ಟರು. "ಇನ್ನು ನಾನು ನಂಬೋದು ನಿನ್ನೊಬ್ಬಳನ್ನೇ."