ಪಚ್ಚಿಲೆ ಹಾಕಿದ ಹೊಲಿಗೆ

ಗುಲಾಬಿಯ ಅತ್ತೆ-ಮಾವ ಬಾಟಲಿ, ಬಕೆಟ್ಟು, ಹರಿದ ಬಲೆಗಳನ್ನು ಸೇರಿಸಿ ಕಡಲ ಮೇಲೆ ಕಟ್ಟಿದ್ದ ಮನೆಯ ನೆಲಕ್ಕೆ ಮೊದಲು ಲೋಳೆ ಹಿಡಿದು, ಆಮೇಲೆ ಪಾಚಿ ಬೆಳೆದು, ಕೊನೆಗೆ ಪಚ್ಚಿಲೆಯೆಂಬ ಚಿಪ್ಪುಜೀವಿಗಳು ಕಚ್ಚಿಕೊಂಡು, ಅದೂ ಊರಿನ ಎಲ್ಲ ಮನೆಗಳಂತೆ ಗಟ್ಟಿಯಾಗಿ ತೇಲುತ್ತಿತ್ತು. ಆದರೆ ಗುಲಾಬಿಗೂ ಅವಳ ಓರಗಿತ್ತಿ ಜಲಜಳಿಗೂ ಮೀನುಸಾರಿಗೆ ಹುಳಿ ಎಷ್ಟು ಹಾಕಬೇಕೆಂಬ ಮಾತಿಗೆ ಜಗಳ ಹತ್ತಿ, ನೆಲವನ್ನು ನಟ್ಟನಡುವೆ ಕೊಯ್ದು ಪಾಲು ಮಾಡಿದ್ದಾಯಿತು. ಹೊಸ ಅಂಚು ಗಟ್ಟಿಯಾಗುವ ತನಕ ಎರಡೂ ತುಂಡುಗಳನ್ನು ಹಗ್ಗದಲ್ಲಿ ಪಕ್ಕಪಕ್ಕ ಕಟ್ಟಿಡುವುದು ರೂಢಿ.

ಇವತ್ತು ಊರಿನ ಗುರಿಕಾರ ಸೂರ ಮರಕಾಲರು ಎರಡನ್ನೂ ಬೇರ್ಪಡಿಸಲು ದೋಣಿಯಲ್ಲಿ ಬಂದು ಹಗ್ಗ ಬಿಚ್ಚಿ, ಜಲಜಳ ತುಂಡನ್ನು ಕಾಲಿನಿಂದ ನೂಕಿದರು. ಅದು ಅಲುಗಲಿಲ್ಲ. ಸೀಳಿನೊಳಗೆ ಕೈಹಾಕಿ ನೋಡಿದವರು ನಕ್ಕುಬಿಟ್ಟರು.

“ಇದೆಂತ ಮಾರಾಯ್ತಿ, ಪಚ್ಚಿಲೆ ನಾರು ಬಿಟ್ಟು ಎರಡನ್ನೂ ಹೊಲಿದು ಹಾಕಿದ್ದಾವಲ್ಲ. ಅವು ಕೂಡಿಸಿದ್ದನ್ನು ಕೊಯ್ಯುವ ಕ್ರಮ ನಮ್ಮಲ್ಲಿಲ್ಲ. ಇಷ್ಟು ಬೇಗ ಬೆಳೀಬೇಕಾದ್ರೆ ಯಾರೋ ಉಣಿಸಿರ್ಬೇಕು.”

“ನಂಗೆಂತ ಗೊತ್ತು?” ಎಂದು ಗುಲಾಬಿ ಮುಖ ತಿರುಗಿಸಿದಳು. ದಿನಾ ಗಂಜಿ ತಿಳಿ ಬಸಿದು ಸೀಳಿಗೆ ಸುರಿಯುತ್ತಿದ್ದವಳು ಅವಳೇ. ಊರಿನ ಪಚ್ಚಿಲೆಗೆ ಗಂಜಿಯೆಂದರೆ ಪ್ರಾಣ. ಜಲಜಳಿಗೆ ಗೊತ್ತಾದರೆ ತನ್ನ ಬಿಗುಮಾನವೆಲ್ಲ ನೀರುಪಾಲು.

ದೋಣಿ ಮರೆಯಾದದ್ದೇ, ಅಂಚಿನಲ್ಲಿ ಒಣಗಿದ್ದ ಗಂಜಿಯ ಬಿಳಿ ಕಲೆಗಳನ್ನು ಉಜ್ಜಿ ತೆಗೆಯಲು ತೆಂಗಿನ ನಾರು ಹಿಡಿದು ಓಡಿದಳು. ಆಚೆ ಅಂಚಿನಲ್ಲಿ ಜಲಜ ಆಗಲೇ ಕುಕ್ಕರಗಾಲಿನಲ್ಲಿ ಕೂತು, ಅಂಥದೇ ಬಿಳಿ ಕಲೆಗಳನ್ನು ಗಸಗಸ ಉಜ್ಜುತ್ತಿದ್ದಳು.

ಗುಲಾಬಿಯ ಕೈಯಲ್ಲಿದ್ದ ನಾರು ಕಂಡು ಜಲಜಳ ಕೈ ನಿಂತಿತು.

“ಅಕ್ಕಾ,” ಎಂದಳು ಜಲಜ ತಲೆಯೆತ್ತದೆ, “ನಿಮ್ಮ ನಾರು ಸ್ವಲ್ಪ ಕೊಡಿ. ನಂದು ಸವೆದುಹೋಯ್ತು.”